ಔರಸನೋ, ದತ್ತಕನೋ? – ಬೈಬಲಿನ ಪ್ರವಾದನೆಯಲ್ಲಿ ಇಸ್ರಾಯೇಲಿನ ಸ್ಥಾನ

ಕಿತ್ತೂರಿನ ಕೋಟೆಯೊಳಗೆ ಹಾಳುಬಿದ್ದ ಅರಮನೆಯ ಗೋಡೆಗಳ ನಡುವೆ ನಿಂತವರಿಗೆ, ಈ ಸಂಸ್ಥಾನವು ಅಳಿದುದು ಒಂದೇ ಒಂದು ಪ್ರಶ್ನೆಯ ಮೇಲೆ ಎಂಬುದು ನೆನಪಾಗದೆ ಇರದು. ವಾರಸುದಾರನು ಯಾರು? 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ಶಿವಲಿಂಗರುದ್ರ ಸರ್ಜನ ದತ್ತಕವನ್ನು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಮನ್ನಿಸಲಿಲ್ಲ. ಆ ವರ್ಷದ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಬಿದ್ದನು. ಡಿಸೆಂಬರಿನಲ್ಲಿ ಕೋಟೆಯೂ ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ ದಿನಗಳೆದು 1829ರಲ್ಲಿ ಅಲ್ಲಿಯೇ ದೇಹವಿಟ್ಟರು. ಅದಾಗಿ ಮೂರು ದಶಕಗಳಾಗಿರಲಿಲ್ಲ. ನರಗುಂದದ ಭಾಸ್ಕರರಾವ್ ಭಾವೆಯವರಿಗೂ ದತ್ತಕದ ಅನುಮತಿ ಸಿಕ್ಕಲಿಲ್ಲ. 1858ರ ಮೇ ತಿಂಗಳ ಕೊನೆಯ ಒಂದು ರಾತ್ರಿ ರಾಮದುರ್ಗದ ಸೀಮೆಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಉರುಳಿತು. ಮುಂದಿನ ತಿಂಗಳು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು.

ಮಲಪ್ರಭೆಯ ಸೀಮೆಯವರಾದ ನಮಗೆ ಇದರಿಂದಾಗಿ ದತ್ತಕವೆಂಬ ಮಾತು ವಕೀಲರ ಕಾಗದದಲ್ಲಿ ಮುಗಿಯತಕ್ಕ ಮಾತಲ್ಲ. ಒಬ್ಬ ತಂದೆ ತನ್ನದನ್ನು ಯಾರಿಗೆ ಕೊಟ್ಟನು, ಕೊಟ್ಟ ಮಾತು ನಿಲ್ಲುವುದೇ, ನಡುವೆ ಬಂದ ಮೂರನೆಯವನಿಗೆ ಅದನ್ನು ತೀರ್ಮಾನಿಸುವ ಅಧಿಕಾರವೆಲ್ಲಿಯದು ಎಂಬ ಪ್ರಶ್ನೆಗಳಿಗೆ ಇಲ್ಲಿ ನೆತ್ತರಿನ ಬೆಲೆ ತೆತ್ತದ್ದುಂಟು. ಈ ಸೀಮೆಯ ಚರ್ಚುಗಳಲ್ಲಿ ಪ್ರತಿ ಆದಿತ್ಯವಾರ ಓದಲ್ಪಡುವ ಸತ್ಯವೇದದೊಳಗೂ ಇದೇ ಮೊಕದ್ದಮೆಯು ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದಿದೆ. ದೇವರು ಅಬ್ರಹಾಮನಿಗೂ ಅವನ ಸಂತತಿಗೂ ಕೊಟ್ಟ ವಾಗ್ದಾನಕ್ಕೆ ಈಗ ಹಕ್ಕುದಾರರು ಯಾರು? ಯೆಹೂದ್ಯ ಜನಾಂಗವೇ, ಕ್ರಿಸ್ತನ ಸಭೆಯೇ, ಇಬ್ಬರೂ ಆಗಿರಬಹುದೇ? ಕ್ರೈಸ್ತರು ಇದಕ್ಕೆ ಒಂದೇ ಉತ್ತರವನ್ನು ಎಂದೂ ಕೊಟ್ಟಿಲ್ಲ. ಆ ಉತ್ತರಗಳನ್ನು ನಮ್ಮ ನೆಲದ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಸವದತ್ತಿಯ ಕಲ್ಲೂ ಅಬ್ರಹಾಮನ ಒಡಂಬಡಿಕೆಯೂ

ರಟ್ಟರ ರಾಜಧಾನಿಯಾಗಿದ್ದ ಸವದತ್ತಿಯ ದಾನಶಾಸನಗಳನ್ನು ಬಲ್ಲ ವಾಚಕರಿಗೆ ಮೂಲ ಪ್ರಶ್ನೆ ಸುಲಭವಾಗಿ ತಿಳಿಯುವುದು. ನಮ್ಮ ಶಾಸನಗಳಲ್ಲಿ ದಾನವು ಸಾಮಾನ್ಯವಾಗಿ ಆಚಂದ್ರಾರ್ಕ, ಎಂದರೆ ಸೂರ್ಯಚಂದ್ರರಿರುವವರೆಗೆ. ದಾನ ಕೊಟ್ಟ ಅರಸನ ವಂಶವೇ ಅಳಿದರೂ ದಾನವು ಅಳಿಯಬಾರದು; ಅಪಹರಿಸಿದವನಿಗೆ ಘೋರ ಶಾಪ. ಪ್ರವಾದಿಯಾದ ಯೆರೆಮೀಯನ ಗ್ರಂಥದ 31ನೆಯ ಅಧ್ಯಾಯದಲ್ಲಿಯೂ ಇದೇ ಉಪಮಾನವಿದೆ. ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲಿನ ಸಂತತಿಯು ಜನಾಂಗವೆನಿಸದೆ ಹೋಗುವುದೆಂದು ಅಲ್ಲಿ ಅಭಯ ಕೊಡಲಾಗಿದೆ.

ಆದರೆ ಎಲ್ಲ ಇನಾಮುಗಳೂ ಒಂದೇ ಬಗೆಯವಲ್ಲವೆಂಬುದನ್ನೂ ನಮ್ಮ ಹಳ್ಳಿಯ ಹಿರಿಯರು ಬಲ್ಲರು. ಸರ್ವಮಾನ್ಯವಾಗಿ ಕೊಟ್ಟದ್ದು ಬೇರೆ, ಚಾಕರಿಯ ಷರತ್ತಿನ ಮೇಲೆ ಕೊಟ್ಟದ್ದು ಬೇರೆ. ಚಾಕರಿ ತಪ್ಪಿದರೆ ಎರಡನೆಯದು ಹೋಯಿತು. ಬೈಬಲಿನಲ್ಲಿಯೂ ಎರಡು ಧಾಟಿಗಳಿವೆ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಅಬ್ರಹಾಮನಿಗೆ ಗಾಢನಿದ್ರೆ ಹತ್ತಿರಲು, ಕಡಿದಿಟ್ಟ ಬಲಿಗಳ ನಡುವೆ ಹಾಯ್ದುಹೋದದ್ದು ಬೆಂಕಿಯೊಂದೇ. ಅರ್ಥಾತ್ ಮಾತು ಕೊಟ್ಟವನು ದೇವರೊಬ್ಬನೇ, ಪಡೆದವನು ಏನನ್ನೂ ಒಪ್ಪಿಕೊಂಡಿಲ್ಲ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಾದರೋ ಕೇಳಿದರೆ ಆಶೀರ್ವಾದ, ಕೇಳದಿದ್ದರೆ ಶಾಪ ಮತ್ತು ದೇಶಭ್ರಷ್ಟತೆ. ಯೆಹೂದ್ಯ ವಿದ್ವಾಂಸರಾದ ಮೋಶೆ ವೈನ್‌ಫೆಲ್ಡರು 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಅಬ್ರಹಾಮನ ಒಡಂಬಡಿಕೆಯು ಪ್ರಾಚೀನ ಪಶ್ಚಿಮ ಏಷ್ಯದ ಅರಸರು ನಂಬಿಕೆಯ ಸೇವಕರಿಗೆ ಕೊಡುತ್ತಿದ್ದ ದಾನಪತ್ರಗಳಂತಿದೆಯೆಂದೂ, ಸೀನಾಯಿಯ ಒಡಂಬಡಿಕೆಯು ಚಕ್ರವರ್ತಿಗಳು ಸಾಮಂತರೊಡನೆ ಮಾಡಿಕೊಳ್ಳುತ್ತಿದ್ದ ಕರಾರುಗಳಂತಿದೆಯೆಂದೂ ತೋರಿಸಿಕೊಟ್ಟರು. ಈ ಎರಡು ಧಾಟಿಗಳಲ್ಲಿ ಯಾವುದಕ್ಕೆ ಹೆಚ್ಚು ತೂಕವೆಂಬಲ್ಲಿಯೇ ಕ್ರೈಸ್ತರ ದಾರಿಗಳು ಕವಲೊಡೆಯುತ್ತವೆ.

ಮೂರು ಪಕ್ಷಗಳು

ಮೊದಲನೆಯ ಪಕ್ಷವು ಬಹು ಹಳೆಯದು. ಎರಡನೆಯ ಶತಮಾನದಲ್ಲಿ ಜಸ್ಟಿನ್ ಮಾರ್ಟರನು ಟ್ರಿಫೋ ಎಂಬ ಯೆಹೂದ್ಯನೊಡನೆ ನಡೆದ ಸಂವಾದದ ರೂಪದಲ್ಲಿ ಬರೆದ ಗ್ರಂಥದಲ್ಲಿ, ಕ್ರಿಸ್ತನನ್ನು ನಂಬಿದವರೇ ನಿಜವಾದ ಇಸ್ರಾಯೇಲರೆಂದು ವಾದಿಸಿದನು. ಈ ಪಕ್ಷದವರ ಆಧಾರಗಳು ಅಲ್ಪವಾದವುಗಳಲ್ಲ. ದ್ರಾಕ್ಷೇತೋಟದ ಒಕ್ಕಲಿಗರ ಸಾಮ್ಯದ ಕೊನೆಯಲ್ಲಿ ದೇವರ ರಾಜ್ಯವು ಬೇರೆ ಜನಕ್ಕೆ ಕೊಡಲ್ಪಡುವುದೆಂದು ಯೇಸುವೇ ಹೇಳಿದನು. ಕ್ರಿಸ್ತನವರಾದವರೇ ಅಬ್ರಹಾಮನ ಸಂತತಿಯೆಂದು ಪೌಲನು ಗಲಾತ್ಯದವರಿಗೆ ಬರೆದನು. ದಾವೀದನ ಬಿದ್ದುಹೋದ ಗುಡಾರವನ್ನು ಮತ್ತೆ ಎತ್ತುವೆನೆಂಬ ಆಮೋಸನ ಪ್ರವಾದನೆಯನ್ನು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಯಾಕೋಬನು ರಾಜ್ಯದ ಪುನಃಸ್ಥಾಪನೆಗೆ ಅನ್ವಯಿಸದೆ, ಅನ್ಯಜನರು ಸಭೆಗೆ ಸೇರುವುದಕ್ಕೆ ಅನ್ವಯಿಸಿದನು. ಅಪೊಸ್ತಲರೇ ಹೀಗೆ ಓದಿದ ಮೇಲೆ ನಾವು ಅಕ್ಷರಕ್ಕೆ ಜೋತುಬೀಳುವುದೇಕೆ ಎಂದು ಈ ಪಕ್ಷದವರು ಕೇಳುತ್ತಾರೆ.

ಕೇಳಬೇಕಾದ ಮಾತೇ ಸರಿ. ಆದರೆ ಈ ವಾದವು ಅಧಿಕಾರದ ಕೈಗೆ ಸಿಕ್ಕಾಗ ಏನಾಯಿತೆಂಬುದನ್ನು ಮರೆಯುವಂತಿಲ್ಲ. ಯೆಹೂದ್ಯರು ತಮ್ಮ ಗ್ರಂಥಗಳನ್ನು ಹೊತ್ತು ಚದುರಿ ಬಾಳುವ ಸಾಕ್ಷಿಗಳೆಂದೂ, ಅವರನ್ನು ಕೊಲ್ಲಕೂಡದೆಂದೂ ಆಗಸ್ಟೀನನು ಬರೆದನು. ಮುಂದಿನ ಶತಮಾನಗಳ ಯುರೋಪು ಚದುರಿಸುವ ಮಾತನ್ನು ನೆನಪಿಟ್ಟುಕೊಂಡು ಕೊಲ್ಲಬಾರದೆಂಬ ಮಾತನ್ನು ಎಷ್ಟೋ ಸಲ ಮರೆಯಿತು. ಹಿಟ್ಲರನ ಕಾಲದ ಹತ್ಯಾಕಾಂಡವಾದ ಮೇಲೆ ಸಭೆಗಳು ತಮ್ಮ ಹಳೆಯ ಮಾತುಗಳನ್ನು ತಾವೇ ಪರೀಕ್ಷಿಸಿಕೊಳ್ಳಬೇಕಾಯಿತು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಪರಿಷತ್ತು ಹೊರಡಿಸಿದ ‘ನೊಸ್ತ್ರ ಎಟಾಟೆ’ ಎಂಬ ಘೋಷಣೆಯು, ಯೆಹೂದ್ಯರನ್ನು ದೇವರಿಂದ ತ್ಯಜಿಸಲ್ಪಟ್ಟವರೆಂದು ಬಣ್ಣಿಸಕೂಡದೆಂದು ಸಾರಿತು. ದೇವರ ಕರೆಯು ಹಿಂತೆಗೆಯಲಾಗದ್ದೆಂಬ ಪೌಲನ ಮಾತನ್ನೇ ಶೀರ್ಷಿಕೆಯಾಗಿಟ್ಟುಕೊಂಡು 2015ರಲ್ಲಿ ವ್ಯಾಟಿಕನ್ನಿನಿಂದ ಇನ್ನೊಂದು ಲೇಖನವು ಬಂದಿತು.

ಎರಡನೆಯ ಪಕ್ಷವು ಹತ್ತೊಂಬತ್ತನೆಯ ಶತಮಾನದ್ದು. ಜಾನ್ ನೆಲ್ಸನ್ ಡಾರ್ಬಿ (1800–1882) ಎಂಬಾತನು ಇಸ್ರಾಯೇಲೂ ಸಭೆಯೂ ಎರಡು ಬೇರೆ ಬೇರೆ ಜನಗಳೆಂದನು: ಒಂದರ ನಿರೀಕ್ಷೆ ಭೂಮಿಯದು, ಇನ್ನೊಂದರದು ಪರಲೋಕದ್ದು. ಈ ಮತದಂತೆ ಯೆಹೂದ್ಯರು ಕ್ರಿಸ್ತನನ್ನು ತಿರಸ್ಕರಿಸಿದಾಗ ಪ್ರವಾದನೆಯ ಗಡಿಯಾರ ನಿಂತಿತು. ದಾನಿಯೇಲನು ಹೇಳಿದ ಎಪ್ಪತ್ತು ವಾರಗಳಲ್ಲಿ ಕೊನೆಯ ವಾರವು ಇನ್ನೂ ಬರಬೇಕು. ಸಭೆಯು ಮೇಲಕ್ಕೆ ಎತ್ತಲ್ಪಟ್ಟ ಬಳಿಕ ಗಡಿಯಾರವು ಮತ್ತೆ ನಡೆಯುವುದು. ಆಗ ಇಸ್ರಾಯೇಲಿಗೆ ಸಂಕಟಕಾಲ, ಅನಂತರ ಸಾವಿರ ವರ್ಷಗಳ ರಾಜ್ಯ. 1909ರಲ್ಲಿ ಅಮೆರಿಕದ ಸ್ಕೋಫೀಲ್ಡನು ಟಿಪ್ಪಣಿಗಳೊಡನೆ ಅಚ್ಚು ಹಾಕಿಸಿದ ಬೈಬಲು ಈ ಮತವನ್ನು ಮನೆಮನೆಗೆ ಮುಟ್ಟಿಸಿತು. ಡಾರ್ಬಿಯ ಆರಂಭಕಾಲದ ಜೊತೆಗಾರನಾದ ಆಂತೊನಿ ನಾರಿಸ್ ಗ್ರೋವ್ಸನು 1833ರಲ್ಲಿಯೇ ಹಿಂದುಸ್ಥಾನಕ್ಕೆ ಬಂದವನು. 1917ರ ಬಾಲ್ಫೋರ್ ಘೋಷಣೆ, 1948ರ ಮೇ 14ರಂದು ಇಸ್ರೇಲ್ ರಾಜ್ಯದ ಸ್ಥಾಪನೆ, 1967ರ ಯುದ್ಧದಲ್ಲಿ ಯೆರೂಸಲೇಮಿನ ಹಳೆಯ ಪಟ್ಟಣವು ಕೈಗೆ ಬಂದದ್ದು – ಇವೊಂದೊಂದೂ ಈ ಪಕ್ಷದವರಿಗೆ ಪ್ರವಾದನೆಯು ಕಣ್ಣೆದುರಿಗೆ ನೆರವೇರಿದಂತೆ ತೋರಿತು. ಇವರ ಬಲವಿರುವುದು ಇಲ್ಲಿ: ವಾಗ್ದಾನದಲ್ಲಿ ನಾಡು ಎಂದರೆ ನಾಡು, ಜನ ಎಂದರೆ ಜನ, ಕೊಟ್ಟ ಮಾತಿನ ಅರ್ಥವನ್ನು ಕೊಟ್ಟ ಮೇಲೆ ಬದಲಿಸಬಹುದಾದರೆ ಮಾತಿಗೆ ಬೆಲೆಯೇನು? ಕಿತ್ತೂರಿನವರು ಕಂಪನಿಯನ್ನು ಕೇಳಿದ್ದೂ ಇದೇ ತೆರನಾದ ಪ್ರಶ್ನೆಯನ್ನಲ್ಲವೆ?

ಮೂರನೆಯದು ನಡುವಣ ಪಕ್ಷ. ದೇವರ ಜನವು ಒಂದೇ, ಮರವು ಒಂದೇ. ಆದರೆ ಯೆಹೂದ್ಯ ಜನಾಂಗಕ್ಕೆ ದೇವರ ಮನಸ್ಸಿನಲ್ಲಿ ಇನ್ನೂ ಒಂದು ನಾಳೆಯಿದೆಯೆಂದು ಇವರು ನಂಬುತ್ತಾರೆ. ಇಂಗ್ಲೆಂಡಿನ ಅನೇಕ ಪ್ಯೂರಿಟನ್ನರೂ ಜರ್ಮನಿಯ ಭಕ್ತಿಪಂಥದವರೂ ಈ ಕಡೆಯವರು. 1675ರಲ್ಲಿ ಭಕ್ತಿಪಂಥದ ಮೂಲಗ್ರಂಥವನ್ನು ಬರೆದ ಸ್ಪೇನರನು, ಯೆಹೂದ್ಯರು ಕ್ರಿಸ್ತನ ಕಡೆಗೆ ತಿರುಗುವ ಕಾಲವು ಬರುವುದೆಂಬ ನಿರೀಕ್ಷೆಯನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯಿಂದಲೇ ತೆಗೆದನು. ಧಾರವಾಡ ಸೀಮೆಯ ಕ್ರೈಸ್ತ ಇತಿಹಾಸವು ಕೂಡಿಕೊಳ್ಳುವುದು ಇಲ್ಲಿಯೇ.

ಕಾಲಜ್ಞಾನದ ಜನ, ಮಲಸಮುದ್ರದ ಬಯಲು

ಬೆಳಗಾವಿಗೆ 1820ರಲ್ಲಿಯೇ ಲಂಡನ್ ಮಿಶನ್ನಿನವರು ಬಂದಿದ್ದರು. ಅವರ ಕೆಲಸವು 1904ರಲ್ಲಿ ಮೆಥೋಡಿಸ್ಟರ ಕೈಸೇರಿತು. ಧಾರವಾಡಕ್ಕೆ 1837ರಲ್ಲಿ ಬಂದವರು ಬಾಸೆಲ್ ಮಿಶನ್ನಿನವರು. ಇವರಲ್ಲಿ ಹಲವರು ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಮನೆಗಳಲ್ಲಿ ಬೆಳೆದವರು. ಆ ಸೀಮೆಯ ದೊಡ್ಡ ಗುರುವಾದ ಬೆಂಗೆಲನು (1687–1752) ಪ್ರಕಟನೆಯ ಗ್ರಂಥದ ಅಂಕೆಗಳನ್ನು ಕೂಡಿಸಿ ಕಳೆದು, 1836ರಲ್ಲಿ ಯುಗಪರಿವರ್ತನೆಯಾಗುವುದೆಂದು ಲೆಕ್ಕ ಹಾಕಿದ್ದನು. ಆ ವರ್ಷವು ಸುಮ್ಮನೆ ಕಳೆದುಹೋಯಿತು. ಮರುವರ್ಷವೇ ಆ ಮಣ್ಣಿನ ಮಕ್ಕಳು ಧಾರವಾಡದಲ್ಲಿ ಬಿಡಾರ ಹೂಡಿದರು. ಲೆಕ್ಕ ತಪ್ಪಿದರೂ ನಿರೀಕ್ಷೆ ಆರಿರಲಿಲ್ಲ.

ಇಲ್ಲಿ ಅವರಿಗೆ ಎದುರಾದುದು ಇನ್ನೊಂದು ನಿರೀಕ್ಷೆ. ಕಾಲಜ್ಞಾನವೆಂದರೆ ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಠಗಳಲ್ಲಿ ಓಲೆಗರಿಯ ಕಟ್ಟುಗಳಾಗಿ, ಜನರ ಬಾಯಲ್ಲಿ ಹಾಡುಗಳಾಗಿ ಬರಲಿರುವ ಕಾಲದ ಮಾತು ಉಳಿದುಬಂದಿದೆ. 1840ರ ಸುಮಾರಿಗೆ ಹುಬ್ಬಳ್ಳಿಯ ಕಡೆಯ ಕಾಲಜ್ಞಾನದ ಪಂಥದವರು ಕೆಲವರು ಮಿಶನರಿಗಳನ್ನು ಕಂಡು, ತಮ್ಮ ಹಿರಿಯರ ವಾಕ್ಯಗಳು ಇವರ ಬರವಿನಲ್ಲಿ ಕೂಡಿಬರುತ್ತಿರಬಹುದೆಂಬ ಭಾವನೆಯನ್ನು ತೋರಿದರು. ಮುಂದೆ ‘ಮಂಗಳೂರ ಸಮಾಚಾರ’ದ ಸಂಪಾದಕರಾಗಿ ಕನ್ನಡಿಗರಿಗೆ ಪರಿಚಿತರಾದ ಹೆರ್ಮನ್ ಮೋಗ್ಲಿಂಗರ ಉತ್ಸಾಹಕ್ಕೆ ಮೇರೆಯಿಲ್ಲದಾಯಿತು. ಸಾವಿರಾರು ಜನ ಬರುವರೆಂಬ ಆಸೆಯಿಂದ 1841ರಲ್ಲಿ ಗದಗ–ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಒಕ್ಕಲುತನದ ಕ್ರೈಸ್ತ ವಸಾಹತು ಹುಟ್ಟಿತು. ನಿರೀಕ್ಷಿಸಿದ ಜನ ಬರಲಿಲ್ಲ. ಎರಡು ಕಡೆಯವರೂ ಒಬ್ಬರಲ್ಲೊಬ್ಬರು ತಮ್ಮ ತಮ್ಮ ಗ್ರಂಥದ ನೆರವೇರಿಕೆಯನ್ನು ನೋಡಿದರು. ಎದುರಿಗೆ ನಿಂತಿದ್ದ ಮನುಷ್ಯರನ್ನು ನೋಡುವುದಕ್ಕೆ ಪುರಸತ್ತು ಸಾಲಲಿಲ್ಲವೇನೋ!

ಆ ದಿನಗಳಲ್ಲಿ ಬಾಸೆಲಿನಲ್ಲಿ ಮಿಶನ್ನಿನ ಮುಖ್ಯಾಧಿಕಾರಿಯಾಗಿದ್ದವನು ವಿಲ್ಹೆಲ್ಮ್ ಹೋಫ್‌ಮನ್ (1839–1850). ಅವನ ತಮ್ಮ ಕ್ರಿಸ್ಟೋಫ್ ಹೋಫ್‌ಮನ್ನನು ಮುಂದೆ ಟೆಂಪಲ್ ಸಂಘವೆಂಬುದನ್ನು ಕಟ್ಟಿದನು. ಪ್ರವಾದಿಗಳು ಹೇಳಿದ ದೇವರ ಜನವು ಯೆರೂಸಲೇಮಿನ ನಾಡಿನಲ್ಲಿ ಕೂಡಬೇಕು, ಆ ಜನವು ನಾವೇ ಎಂಬ ನಂಬಿಕೆಯಿಂದ ಈ ಸಂಘದ ಜರ್ಮನರು 1868ರಿಂದ ಪಲೆಸ್ತೀನದ ಹೈಫಾದಲ್ಲಿ ನೆಲೆಯೂರತೊಡಗಿದರು. ಒಂದೇ ತಂದೆಯ ಮಕ್ಕಳಲ್ಲಿ ಒಬ್ಬನ ಕೈಕೆಳಗಿನವರು ಪ್ರವಾದನೆಯ ಜನವನ್ನು ಗದುಗಿನ ಎರೆಭೂಮಿಯಲ್ಲಿ ಹುಡುಕಿದರು. ಇನ್ನೊಬ್ಬನ ಹಿಂಬಾಲಕರು ಕರ್ಮೆಲ್ ಬೆಟ್ಟದ ಬುಡದಲ್ಲಿ ಆ ಜನ ತಾವೇ ಆದರು. ಪ್ರವಾದನೆಯನ್ನು ವೇಳಾಪತ್ರಿಕೆಯಂತೆ ಓದುವುದರಲ್ಲಿರುವ ಅಪಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಪೌಲನ ದತ್ತಕ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ನಮ್ಮ ಧರ್ಮಶಾಸ್ತ್ರದಂತೆ ಔರಸ ಪುತ್ರನು ಬದುಕಿರುವಾಗ ತಂದೆಯು ದತ್ತು ತೆಗೆದುಕೊಳ್ಳುವಂತಿಲ್ಲ. ದತ್ತಕವಾದ ಮೇಲೆ ಔರಸನು ಹುಟ್ಟಿದರೆ ಇಬ್ಬರಿಗೂ ಪಾಲುಂಟು. ಪ್ರಮಾಣವು ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗಿತ್ತು. ಈ ನಿಯಮದ ಬೆಳಕಿನಲ್ಲಿ ನೋಡಿದರೆ ಮೊದಲನೆಯ ಪಕ್ಷದವರು ಹೇಳುವುದು, ಔರಸನು ತನ್ನ ಹಕ್ಕನ್ನು ಕಳೆದುಕೊಂಡನು, ಆದುದರಿಂದಲೇ ದತ್ತಕನು ಬಂದನು ಎಂದು. ಎರಡನೆಯ ಪಕ್ಷದವರು ಹೇಳುವುದು, ತಂದೆಗೆ ಎರಡು ಮನೆಗಳಿವೆ, ಔರಸನಿಗೆ ಒಂದು, ದತ್ತಕನಿಗೆ ಒಂದು ಎಂದು. ಆದರೆ ಪೌಲನು ಹೇಳುವುದು ಎರಡನ್ನೂ ಮೀರಿದ್ದು. ಔರಸನು ಬದುಕಿದ್ದಾನೆ, ತಂದೆಯು ಅವನನ್ನು ಕೈಬಿಟ್ಟಿಲ್ಲ, ಆದರೂ ಹೊರಗಿನವನನ್ನು ಅದೇ ಮನೆಗೆ, ಅದೇ ಊಟದ ಪಂಕ್ತಿಗೆ ಕರೆತಂದಿದ್ದಾನೆ. ಶಾಸ್ತ್ರಕ್ಕೆ ಒಪ್ಪದ ಈ ಔದಾರ್ಯಕ್ಕೆ ಅವನು ಕೃಪೆಯೆಂದು ಹೆಸರಿಟ್ಟನು.

ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಅವನು ಇದಕ್ಕೆ ತೋಟಗಾರನ ದೃಷ್ಟಾಂತವನ್ನು ಕೊಡುತ್ತಾನೆ. ಧಾರವಾಡ, ಕಿತ್ತೂರು ಸೀಮೆಯಲ್ಲಿ ಮಾವು ಬೆಳೆಸುವವರು ಒಳ್ಳೆಯ ಜಾತಿಯ ಕುಡಿಯನ್ನು ನಾಟಿ ಗಿಡಕ್ಕೆ ಕಸಿ ಕಟ್ಟುತ್ತಾರೆ. ಪೌಲನ ತೋಟಗಾರನು ತಿರುವುಮುರುವು ಮಾಡಿದನು: ಕಾಡು ಆಲಿವಿನ ಕೊಂಬೆಯನ್ನು ಊರ ಆಲಿವ್ ಮರಕ್ಕೆ ಕಟ್ಟಿದನು. ಇದು ಪ್ರಕೃತಿಗೆ ವಿರುದ್ಧವೆಂದು ಪೌಲನೇ ಒಪ್ಪಿಕೊಳ್ಳುತ್ತಾನೆ. ಕಾಡು ಕೊಂಬೆಯು ಬೇರನ್ನು ಹೊತ್ತಿಲ್ಲ, ಬೇರೇ ಅದನ್ನು ಹೊತ್ತಿದೆ; ಆದಕಾರಣ ಮುರಿದ ಕೊಂಬೆಗಳ ಮುಂದೆ ಹಿಗ್ಗಬೇಡವೆಂದು ಎಚ್ಚರಿಸುತ್ತಾನೆ. ಮುರಿದವುಗಳನ್ನು ಮತ್ತೆ ಕಸಿ ಕಟ್ಟಲು ತೋಟಗಾರನಿಗೆ ಬಾರದೇ?

ಮುಂದೆ ಬರುವುದೇ ಆ ಪ್ರಸಿದ್ಧ ವಾಕ್ಯ: ಇಸ್ರಾಯೇಲೆಲ್ಲವೂ ರಕ್ಷಣೆ ಹೊಂದುವುದೆಂಬ ಮಾತು. ಇಲ್ಲಿ ಇಸ್ರಾಯೇಲೆಂದರೆ ಯೆಹೂದ್ಯರೂ ಅನ್ಯಜನರೂ ಕೂಡಿದ ದೇವರ ಜನವೆಂದು ಕಾಲ್ವಿನನು ತಿಳಿದನು. ಯೆಹೂದ್ಯ ಜನಾಂಗವೇ ಎಂದು ಇಂದಿನ ವ್ಯಾಖ್ಯಾನಕಾರರಲ್ಲಿ ಹಲವರು ತಿಳಿಯುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಬರುವ ದೇವರ ಇಸ್ರಾಯೇಲೆಂಬ ನುಡಿಯ ಹಿಂದೆ ಗ್ರೀಕಿನ ‘ಕೈ’ ಎಂಬ ಪುಟ್ಟ ಅವ್ಯಯವಿದೆ. ಅದನ್ನು ಕನ್ನಡದ ‘ಊ’ಕಾರದಂತೆ ತೆಗೆದುಕೊಂಡರೆ ಸಭೆಯೂ ಇಸ್ರಾಯೇಲೂ ಎರಡಾಗುತ್ತವೆ, ‘ಅಂದರೆ’ ಎಂದು ತೆಗೆದುಕೊಂಡರೆ ಎರಡೂ ಒಂದಾಗುತ್ತವೆ. ಒಂದು ಅವ್ಯಯದ ಮೇಲೆ ಪಂಥಗಳೇ ನಿಂತಿವೆ!

ಇಷ್ಟಾದರೂ ಪೌಲನ ಇನ್ನೊಂದು ಮಾತು ಈ ಮೊಕದ್ದಮೆಯನ್ನೇ ಬೇರೆ ಮಾಡುತ್ತದೆಂದು ನನಗೆ ತೋರುತ್ತದೆ. ಅದೇ ಪತ್ರಿಕೆಯ 9ನೆಯ ಅಧ್ಯಾಯದಲ್ಲಿ ಅವನು ಇಸ್ರಾಯೇಲ್ಯರ ಭಾಗ್ಯಗಳನ್ನು ಎಣಿಸುವಾಗ, ಎಲ್ಲಕ್ಕೂ ಮೊದಲು ದತ್ತುಪುತ್ರತ್ವವನ್ನು ಹೆಸರಿಸುತ್ತಾನೆ. ಎಂದರೆ ಯಾರನ್ನು ನಾವು ಇಷ್ಟು ಹೊತ್ತು ಔರಸನೆಂದು ಕರೆದೆವೋ ಅವನೂ ದತ್ತಕನೇ! ಅಬ್ರಹಾಮನೇ ಕಲ್ದೀಯರ ಊರಿನಿಂದ ಕರೆಯಲ್ಪಟ್ಟ ಪರದೇಶಿ. ಕ್ರೈಸ್ತರ ನಂಬಿಕೆಯಂತೆ ಔರಸ ಪುತ್ರನು ಒಬ್ಬನೇ. ಉಳಿದವರೆಲ್ಲ, ಮೊದಲು ಬಂದವರಾಗಲಿ ಆಮೇಲೆ ಬಂದವರಾಗಲಿ, ಮಡಿಲಿಗೆ ಹಾಕಿಸಿಕೊಂಡವರು. ಹೀಗಿರುವಾಗ ಒಬ್ಬ ದತ್ತಕನು ಇನ್ನೊಬ್ಬನ ಹಕ್ಕುಪತ್ರವನ್ನು ಹರಿಯುವುದು ಎಂತಹ ನ್ಯಾಯ?

ನೆಲ ಯಾರದು?

ಇದು ಪಂಡಿತರ ಚರ್ಚೆ ಮಾತ್ರವಾಗಿದ್ದರೆ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ನೆಲದಲ್ಲಿ ಮನುಷ್ಯರಿದ್ದಾರೆ. 1948ರಲ್ಲಿ ಮನೆಮಠಗಳನ್ನು ಕಳೆದುಕೊಂಡ ಲಕ್ಷಾಂತರ ಪಲೆಸ್ತೀನಿಯರಲ್ಲಿ ಕ್ರೈಸ್ತರೂ ಇದ್ದರು. ಗಲಿಲಾಯದ ಬಿರಾಮ್ ಎಂಬ ಕ್ರೈಸ್ತ ಗ್ರಾಮದ ಜನ ಆ ವರ್ಷದ ನವೆಂಬರಿನಲ್ಲಿ ಊರು ಬಿಡಬೇಕಾಯಿತು. ಮರಳಿ ಬಂದು ಅಲ್ಲಿ ಒಕ್ಕಲಾಗುವ ಭಾಗ್ಯ ಅವರಿಗೆ ಸಿಕ್ಕಲಿಲ್ಲ. 2009ರ ಡಿಸೆಂಬರಿನಲ್ಲಿ ಪಲೆಸ್ತೀನದ ಕ್ರೈಸ್ತರು ಹೊರಡಿಸಿದ ‘ಕೈರೋಸ್ ಪಲೆಸ್ತೀನ್’ ಎಂಬ ಪತ್ರವು, ವಾಗ್ದತ್ತ ನಾಡಿನ ಮಾತನ್ನು ತಮ್ಮನ್ನು ನೆಲದಿಂದ ಕೀಳುವ ಆಯುಧವನ್ನಾಗಿ ಮಾಡಬಾರದೆಂದು ಲೋಕದ ಸಭೆಗಳನ್ನು ಬೇಡಿಕೊಂಡಿತು. ಅತ್ತ, ಎರಡು ಸಾವಿರ ವರ್ಷ ಎಲ್ಲಿಯೂ ನೆಲೆಯಿಲ್ಲದೆ ಅಲೆದು, ಅನಿಲಗೃಹಗಳಿಂದ ಉಳಿದುಬಂದ ಜನಕ್ಕೆ ಒಂದು ಆಸರೆ ಬೇಕೆಂಬುದನ್ನು ಅಲ್ಲಗಳೆಯುವ ಎದೆ ಯಾರಿಗಿದೆ? ನಮ್ಮ ದೇಶವು 1950ರಲ್ಲಿ ಇಸ್ರೇಲನ್ನು ಮಾನ್ಯ ಮಾಡಿದರೂ ಪೂರ್ಣ ರಾಯಭಾರ ಸಂಬಂಧಕ್ಕೆ 1992ರವರೆಗೆ ಕಾದದ್ದು, ಈ ಎರಡು ನೋವುಗಳ ನಡುವಿನ ದಾರಿ ಎಷ್ಟು ಇಕ್ಕಟ್ಟಿನದೆಂಬುದಕ್ಕೆ ಒಂದು ಸಾಕ್ಷಿ.

ಅಕ್ಷರಶಃ ಓದಬೇಕೆನ್ನುವವರು ಎರಡು ಸ್ಥಳಗಳನ್ನು ಅಕ್ಷರಶಃ ಓದಲಿ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ, ಭೂಮಿಯು ನನ್ನದು, ನೀವು ನನ್ನ ಬಳಿಯಲ್ಲಿರುವ ಪರವಾಸಿಗಳು ಎಂಬ ಅರ್ಥದ ದೇವರ ಮಾತಿದೆ; ದಾನ ಕೊಟ್ಟವನು ಒಡೆತನವನ್ನು ಬಿಟ್ಟುಕೊಟ್ಟಿಲ್ಲ. ಇನ್ನೊಂದು, ಇಸ್ರಾಯೇಲಿನ ಪುನಃಸ್ಥಾಪನೆಯನ್ನು ಎಲ್ಲರಿಗಿಂತ ವಿಸ್ತಾರವಾಗಿ ಕಂಡ ಯೆಹೆಜ್ಕೇಲನದು. ನಾಡನ್ನು ಕುಲಗಳಿಗೆ ಹಂಚುವ ವಿಧಿಯನ್ನು ಹೇಳುತ್ತ ಅವನು 47ನೆಯ ಅಧ್ಯಾಯದ ಕೊನೆಯಲ್ಲಿ, ನಿಮ್ಮ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳನ್ನು ಸ್ವದೇಶದವರಂತೆಯೇ ಎಣಿಸಿ, ಅವರಿರುವ ಕುಲದಲ್ಲಿಯೇ ಅವರಿಗೆ ಪಿತ್ರಾರ್ಜಿತದ ಪಾಲು ಕೊಡಬೇಕೆಂದು ವಿಧಿಸುತ್ತಾನೆ. ಮರಳಿ ಬಂದ ವಾರಸುದಾರನ ಹಕ್ಕುಪತ್ರದಲ್ಲಿಯೇ ನೆರೆಯವನ ಪಾಲೂ ಬರೆದಿದೆ. ಒಂದನ್ನು ಓದಿ ಇನ್ನೊಂದನ್ನು ಬಿಡುವುದು ಯಾವ ಪಕ್ಷಕ್ಕೂ ಶೋಭೆಯಲ್ಲ.

ಬೈಲಹೊಂಗಲದಲ್ಲಿ ಚೆನ್ನಮ್ಮನವರ ಸಮಾಧಿಯ ಮುಂದೆ ಕೈಮುಗಿದು ನಿಲ್ಲುವವರು ನೆನೆಯುವುದು ಒಂದು ಸಂಸ್ಥಾನದ ಗಡಿಯನ್ನಲ್ಲ. ಕೊಟ್ಟ ಮಾತನ್ನು ಬಲವಿದ್ದವನು ತುಳಿದನೆಂಬ ಸಂಕಟವನ್ನು. ಆ ಸಂಕಟವನ್ನು ಬಲ್ಲ ನಾವು, ಯೆಹೂದ್ಯನ ಹಕ್ಕು ಕಳೆಯಿತೆಂದು ಹಗುರಾಗಿ ಹೇಳಲಾರೆವು. ಅವನ ಹಕ್ಕಿನ ಹೆಸರಿನಲ್ಲಿ ಪಲೆಸ್ತೀನದ ಒಕ್ಕಲಿಗನ ಹಕ್ಕು ಕಳೆಯಿತೆಂದೂ ಹೇಳಲಾರೆವು. ಪೌಲನು ತನ್ನ ಮೂರು ಅಧ್ಯಾಯಗಳ ದೀರ್ಘ ವಾದವನ್ನು ತೀರ್ಪಿನಿಂದ ಮುಗಿಸಲಿಲ್ಲ; ದೇವರ ಜ್ಞಾನದ ಆಳವನ್ನು ಅಳೆಯಲಾರೆನೆಂದು ಬೆರಗಾಗಿ ಸ್ತೋತ್ರದಿಂದ ಮುಗಿಸಿದನು. ವಾರಸಿನ ಕಾಗದವನ್ನು ಬರೆದವನ ಕೈಗೇ ಹಿಂದಿರುಗಿಸಿ, ದತ್ತಕರಿಬ್ಬರೂ ಒಂದೇ ಅಂಗಳದಲ್ಲಿ ಹೇಗೆ ಬಾಳಬೇಕೆಂಬುದನ್ನು ಯೋಚಿಸುವುದು ನಮಗೆ ಉಳಿದ ಕೆಲಸ.